ಹತ್ತಂಕಿಯ ಸಂಖ್ಯೆ ಒಡೆಯಲು ಸೈಕಲ್ ಚೈನಿನ ಜರಡಿ

ಯಂತ್ರ ಈಗ ಓಡುತ್ತಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ಆರು ಹಳೇ ಫ್ರೀವೀಲ್ (ಸೈಕಲ್ಲಿನ ಹಿಂದಿನ ಗಾಲಿಯ ಹಲ್ಲಿನ ಚಕ್ರ), ಮೂರು ಹಳೇ ಚೈನು, ಒಂದು ಪೈಪ್ ತುಂಡು, ಆರು ಸ್ವಿಚ್ಚು, ಒಂದು ದೀಪ. ಹ್ಯಾಂಡಲ್ ತಿರುಗಿಸುತ್ತಾ ಹೋದರೆ, ಹತ್ತಂಕಿಯ ಒಂದು ಸಂಖ್ಯೆ ಯಾವ ಎರಡು ಅವಿಭಾಜ್ಯ ಸಂಖ್ಯೆಗಳನ್ನು ಗುಣಿಸಿ ಬಂದದ್ದು ಅಂತ ಹುಡುಕಿಕೊಡುತ್ತದೆ. ಎಲ್ಲಾ ಸಂಖ್ಯೆಗಳಿಗೂ ಆಗಲ್ಲ. ಯಾವುದಕ್ಕೆ ಆಗುತ್ತದೆ, ಯಾವುದಕ್ಕೆ ಆಗಲ್ಲ ಅನ್ನುವುದನ್ನೂ ಹೇಳುತ್ತೇನೆ.

ಜಾಗ ಚಿಕ್ಕಮಗಳೂರು, ದಂಟರಮಕ್ಕಿ ಕಡೆ ನಮ್ಮ ಮನೆ ಹಿಂದಿನ ಶೆಡ್. ಕಾಲ ಮಳೆಗಾಲ. ಮಲೆನಾಡಿನ ಮಳೆಯಲ್ಲಿ ಮರ, ಕಬ್ಬಿಣ ಎರಡನ್ನೂ ಇಟ್ಟುಕೊಂಡು ಕೆಲಸ ಮಾಡುವವರು 5ನೇ ಹಂತವನ್ನು ತಪ್ಪದೆ ನೋಡಿ.

ಹಂತ 1: ಮೊದಲು ಪೆನ್ನು, ಕಾಗದ

ಹೈಸ್ಕೂಲಿನಲ್ಲಿ ನನಗೆ ಲೆಕ್ಕ ಕಲಿಸಿದ ಮೇಷ್ಟ್ರು ಈಗ ನಿವೃತ್ತರು. ಸಿಕ್ಕಾಗೆಲ್ಲ ಒಂದು ಸಂಖ್ಯೆ ಕೊಡುತ್ತಾರೆ. ಈ ಸಲ ಕೊಟ್ಟದ್ದು 8616460799. ಇದಕ್ಕೊಂದು ಚರಿತ್ರೆಯೇ ಇದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವೊನ್ಸ್ 1874ರಲ್ಲಿ ‘ದಿ ಪ್ರಿನ್ಸಿಪಲ್ಸ್ ಆಫ್ ಸೈನ್ಸ್’ ಅನ್ನುವ ಪುಸ್ತಕ ಬರೆದರು. ಗುಣಿಸುವುದು ಸುಲಭ, ಗುಣಿಸಿದ್ದನ್ನು ಬಿಡಿಸುವುದು ಕಷ್ಟ ಅಂತ ತೋರಿಸಲು ಅದರಲ್ಲಿ ಈ ಸಂಖ್ಯೆ ಕೊಟ್ಟರು. ಇದು ಯಾವ ಎರಡು ಸಂಖ್ಯೆಗಳ ಗುಣಲಬ್ಧ ಅಂತ ನನ್ನನ್ನು ಬಿಟ್ಟು ಬೇರೆ ಯಾರಿಗೂ ತಿಳಿಯುವುದು ಅನುಮಾನ ಅಂದರು. 1889ರಲ್ಲಿ ಚಾರ್ಲ್ಸ್ ಬಸ್ಕ್ ಅದನ್ನು ಒಡೆದರು. 1903ರಲ್ಲಿ ಅಮೆರಿಕದ ಡೆರಿಕ್ ನಾರ್ಮನ್ ಲೇಮರ್ ಕೂಡ ಒಡೆದರು.

ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸುತ್ತಾ ಹೋದರೆ ಎಂಟು ಸಾವಿರಕ್ಕಿಂತ ಜಾಸ್ತಿ ಭಾಗಾಕಾರ ಬೇಕು. ನಾನು ಹಿಡಿದದ್ದು ಫ್ರಾನ್ಸಿನ ಗಣಿತಜ್ಞ ಫರ್ಮಾ 1643ರಲ್ಲಿ ಬರೆದಿಟ್ಟ ದಾರಿ. ಸಂಖ್ಯೆಯನ್ನು ಎರಡು ವರ್ಗಗಳ ವ್ಯತ್ಯಾಸವಾಗಿ ಬರೆಯಬೇಕು: ಅ² − ಬ². ಹಾಗೆ ಬರೆದರೆ ಅ − ಬ ಒಂದು ಅಪವರ್ತನ, ಅ + ಬ ಇನ್ನೊಂದು. ಅ ಎಲ್ಲಿಂದ ಶುರು? ಸಂಖ್ಯೆಯ ವರ್ಗಮೂಲದ ಮೇಲಿನ ಮೊದಲ ಪೂರ್ಣ ಸಂಖ್ಯೆಯಿಂದ. ಇಲ್ಲಿ ಅದು 92825. ಅದರ ವರ್ಗದಿಂದ ನಮ್ಮ ಸಂಖ್ಯೆ ಕಳೆದರೆ 19826 ಉಳಿಯುತ್ತದೆ. ಅದು ಪೂರ್ಣ ವರ್ಗ ಅಲ್ಲ. ಮುಂದಿನದು 92826. ಹೀಗೇ ಮೇಲೆ ಹೋಗಬೇಕು.

ಎಲ್ಲವನ್ನೂ ನೋಡುವ ಅಗತ್ಯ ಇಲ್ಲ. 8616460799ನ್ನು 8ರಿಂದ ಭಾಗಿಸಿದರೆ ಶೇಷ 7. ಯಾವುದೇ ವರ್ಗವನ್ನು 8ರಿಂದ ಭಾಗಿಸಿದರೆ ಶೇಷ 0, 1 ಅಥವಾ 4 ಮಾತ್ರ. ಇವುಗಳಲ್ಲಿ ಒಂದರಿಂದ ಇನ್ನೊಂದನ್ನು ಕಳೆದು 7 ಬರಿಸಲು 0ಯಿಂದ 1 ಕಳೆಯುವುದೊಂದೇ ದಾರಿ (−1 ಬರುತ್ತದೆ, ಅದಕ್ಕೆ 8 ಕೂಡಿಸಿದರೆ 7). ಅಂದರೆ ಅ ಅನ್ನುವುದು 4ರ ಗುಣಕ ಆಗಲೇಬೇಕು. 3ರ ಲೆಕ್ಕ ಹಾಕಿದರೆ 3ರ ಗುಣಕವೂ ಆಗಬೇಕು. ಸೇರಿಸಿದರೆ 12ರ ಗುಣಕ. ಈಗ ಉಳಿದವು 92832, 92844, 92856, 92868, 92880. ಐದನೆಯದೇ ಉತ್ತರ. 92880ರ ವರ್ಗ 8626694400. ನಮ್ಮ ಸಂಖ್ಯೆ ಕಳೆದರೆ 10233601, ಅದು 3199ರ ವರ್ಗ. ಅಪವರ್ತನಗಳು 89681 ಮತ್ತು 96079.

ಒಂದು ಸಂಜೆಯ ಕೆಲಸ ಅಷ್ಟೇ. ಜೆವೊನ್ಸ್ ಹೇಳಿದ ತತ್ವ ಸರಿಯೇ. ಆದರೆ ಅವರು ಆರಿಸಿದ ಎರಡು ಅವಿಭಾಜ್ಯಗಳು ತೀರಾ ಹತ್ತಿರ ಇದ್ದವು. ಹತ್ತಿರ ಇದ್ದಷ್ಟೂ ಅ ವರ್ಗಮೂಲದ ಪಕ್ಕದಲ್ಲೇ ಸಿಗುತ್ತದೆ.

ಉತ್ತರ ತೋರಿಸಿದೆ. ಮೇಷ್ಟ್ರು ಚೀಟಿಯಲ್ಲಿ ಇನ್ನೊಂದು ಬರೆದುಕೊಟ್ಟರು: 6863624473. “ಇದೂ ಹತ್ತೇ ಅಂಕಿ ಕಣಪ್ಪ. ಆದರೆ ಐದರಲ್ಲಿ ಮುಗಿಯಲ್ಲ, ನೋಡು” ಅಂದರು.

ವರ್ಗಮೂಲದ ಮೇಲಿನ ಮೊದಲ ಸಂಖ್ಯೆ 82847. ನೂರಾರು ಸಂಖ್ಯೆ ಮುಂದೆ ಹೋದರೂ ಏನೂ ಸಿಗಲಿಲ್ಲ. ಕಾಗದದಲ್ಲಿ ಶೇಷ ಬರೆಯುತ್ತಾ ಕೂತರೆ ಎಲ್ಲೋ ಒಂದು ಕಡೆ ಸಾಲು ತಪ್ಪುತ್ತದೆ, ಮತ್ತೆ ಮೊದಲಿಂದ. ಆಗ ನೆನಪಾದದ್ದು ಲೇಮರ್ ಅವರ ಮಗ. ಡೆರಿಕ್ ಹೆನ್ರಿ ಲೇಮರ್ 1926ರಲ್ಲಿ, ಇಪ್ಪತ್ತೊಂದರ ವಯಸ್ಸಿಗೇ, ಬರ್ಕ್ಲಿಯಲ್ಲಿ ಸೈಕಲ್ ಚೈನುಗಳನ್ನು ಮೋಟರ್‌ನಿಂದ ತಿರುಗಿಸಿ ಇದೇ ಜರಡಿ ಹಿಡಿಯುವ ಯಂತ್ರ ಕಟ್ಟಿದ್ದರು. ಚೈನು ನಮ್ಮೂರಲ್ಲೂ ಸಿಗುತ್ತದೆ ಅಲ್ವಾ.

ಹಂತ 2: ಶೇಷದ ಪಟ್ಟಿ

ಮೇಲೆ 8ಕ್ಕೆ ಮಾಡಿದ ಲೆಕ್ಕವನ್ನೇ ಬೇರೆ ಸಣ್ಣ ಸಂಖ್ಯೆಗಳಿಗೂ ಮಾಡಬೇಕು. ಉದಾಹರಣೆಗೆ 5. ಮೇಷ್ಟ್ರ ಸಂಖ್ಯೆಯ ಶೇಷ 3. ವರ್ಗಗಳ ಶೇಷ 0, 1, 4 ಮಾತ್ರ. 4ರಿಂದ 1 ಕಳೆದರೆ 3. ಬೇರೆ ದಾರಿ ಇಲ್ಲ. ಹಾಗಾಗಿ ಅ² ಶೇಷ 4 ಇರಬೇಕು, ಅಂದರೆ ಅ ಶೇಷ 2 ಅಥವಾ 3. ಪೂರ್ತಿ ಪಟ್ಟಿ ಹೀಗೆ ಬಂತು.

8ಕ್ಕೆ: 3, 5 (ಇದಕ್ಕೆ ಮಾತ್ರ ವರ್ಗಗಳನ್ನು 16ರಿಂದ ಭಾಗಿಸಿ ನೋಡಬೇಕು; 8ರಿಂದ ನೋಡಿದರೆ ಅ ಬೆಸ ಅಂತಷ್ಟೇ ತಿಳಿಯುತ್ತದೆ)
5ಕ್ಕೆ: 2, 3
9ಕ್ಕೆ: 2, 7
7ಕ್ಕೆ: 0, 1, 6
11ಕ್ಕೆ: 0, 4, 5, 6, 7
13ಕ್ಕೆ: 0, 1, 2, 4, 9, 11, 12
17ಕ್ಕೆ: 0, 1, 3, 4, 6, 11, 13, 14, 16

ಅ ಈ ಏಳೂ ಸಾಲುಗಳಲ್ಲಿ ಪಾಸಾಗಬೇಕು. ಒಂದರಲ್ಲಿ ಬಿದ್ದರೂ ಬಿಟ್ಟುಬಿಡಬಹುದು. ಗಮನಿಸಿ, 0 ಬಿಟ್ಟರೆ ಶೇಷಗಳು ಯಾವಾಗಲೂ ಜೋಡಿ. 7ರಲ್ಲಿ 1 ಇದ್ದರೆ 6 ಇದೆ, 11ರಲ್ಲಿ 4 ಇದ್ದರೆ 7 ಇದೆ. ಪಟ್ಟಿ ಸರಿ ಇದೆಯಾ ಅಂತ ನೋಡಲು ಇದು ಒಳ್ಳೇ ಪರೀಕ್ಷೆ. ಮುಂದೆ ಇನ್ನೊಂದು ಕೆಲಸಕ್ಕೂ ಬಂತು.

ಹಂತ 3: ಚೈನು ಕತ್ತರಿಸಿದ್ದು

ಉಪಾಯ ಇಷ್ಟೇ. 7 ಲಿಂಕಿನ ಚೈನು ಒಂದು ಸುತ್ತು ಬರಲು 7 ಹೆಜ್ಜೆ. ಹಾಗಾಗಿ ಪ್ರತಿ ಲಿಂಕೂ 7ರ ಒಂದು ಶೇಷ. ಬೇಡದ ಶೇಷದ ಲಿಂಕಿಗೆ ಗುರುತು ಹಾಕಿದರೆ ಆಯಿತು. ಎಲ್ಲಾ ಚೈನುಗಳನ್ನೂ ಒಂದೇ ಶಾಫ್ಟ್ ಮೇಲೆ ಒಂದೇ ಅಳತೆಯ ಹಲ್ಲಿನ ಚಕ್ರಗಳಿಗೆ ನೇತುಹಾಕಬೇಕು. ಶಾಫ್ಟ್ ಒಂದು ಹಲ್ಲು ತಿರುಗಿದರೆ ಪ್ರತಿ ಚೈನೂ ಒಂದು ಲಿಂಕ್ ಮುಂದೆ ಹೋಗುತ್ತದೆ.

ತೊಡಕು ಇಲ್ಲಿದೆ. ಸೈಕಲ್ ಚೈನಿನಲ್ಲಿ ಒಂದು ಒಳ ಲಿಂಕ್, ಒಂದು ಹೊರ ಲಿಂಕ್ ಹೀಗೆ ಬರುವುದರಿಂದ ಮಾಲೆ ಮಾಡಲು ಸಮ ಸಂಖ್ಯೆಯ ಲಿಂಕ್ ಬೇಕು. 7 ಲಿಂಕಿನ ಮಾಲೆ ಆಗಲ್ಲ. ಮಾಡಲು ಆದರೂ ಅದು 18 ಹಲ್ಲಿನ ಚಕ್ರಕ್ಕೆ ಚಿಕ್ಕದು. ಅದಕ್ಕೆ ಗುಣಕ ತೆಗೆದುಕೊಂಡೆ. 7ಕ್ಕೆ 42 ಲಿಂಕ್, 9ಕ್ಕೆ 36, 11ಕ್ಕೆ 44, 13ಕ್ಕೆ 52, 17ಕ್ಕೆ 34. 8 ಮತ್ತು 5 ಎರಡೂ 40 ಲಿಂಕಿನ ಒಂದೇ ಚೈನಿನಲ್ಲಿ ಕೂರುತ್ತವೆ. ಆ ಚೈನಿನಲ್ಲಿ ಪಾಸಾಗುವ ಲಿಂಕ್ ನಾಲ್ಕೇ: 3, 13, 27, 37. ಒಟ್ಟು ಆರು ಚೈನು, 248 ಲಿಂಕ್. ಲಿಂಕಿಗೆ ಅರ್ಧ ಇಂಚು, ಅಂದರೆ 124 ಇಂಚು.

ಸೈಕಲ್ ಶಾಪಿನ ಅಣ್ಣ ಮೂರು ಹಳೇ ಚೈನು ಕೊಟ್ಟರು. ಸವೆದು ಉದ್ದ ಆಗಿದ್ದವು. ಇಲ್ಲಿ ಎಣಿಸುವುದು ಲಿಂಕ್ ಮಾತ್ರ ಆದ್ದರಿಂದ ಸವೆತದಿಂದ ತೊಂದರೆ ಇಲ್ಲ. ಕೂಡಿಸಲು ಮೊದಲು ಚೈನ್ ಲಾಕ್ ಹಾಕಿದ್ದೆ. ಲಾಕಿನ ಕ್ಲಿಪ್ ಪಕ್ಕಕ್ಕೆ ಉಬ್ಬಿಕೊಂಡು ಸ್ವಿಚ್ಚಿಗೆ ತಾಗುತ್ತಿತ್ತು. ಎಲ್ಲಾ ಲಾಕ್ ತೆಗೆದು ಪಿನ್ ಹೊಡೆದೇ ಕೂಡಿಸಿದೆ. ಈ ಕೆಲಸಕ್ಕೆ ಚೈನ್ ಕಟ್ಟರ್ ಇದ್ದರೆ ಸಾಕು.

ಹಂತ 4: ಶಾಫ್ಟ್ ಮತ್ತು ಫ್ರೀವೀಲ್

18 ಹಲ್ಲಿನ ಆರು ಹಳೇ ಫ್ರೀವೀಲ್. ಶಾಫ್ಟಿಗೆ ಒಂದಿಂಚಿನ ಜಿಐ ಪೈಪ್, ಎರಡು ಅಡಿ. ಫ್ರೀವೀಲಿನ ಮರೆ (ಥ್ರೆಡ್) ಇರುವ ತೂತು ಮತ್ತು ಈ ಪೈಪಿನ ಹೊರ ಅಳತೆ ಎರಡೂ 33.7 ಮಿ.ಮೀ. ಹತ್ತಿರ ಹತ್ತಿರ. ಅರದಿಂದ ಸ್ವಲ್ಪ ಉಜ್ಜಿದರೆ ಬಿಗಿಯಾಗಿ ಕೂರುತ್ತದೆ. ಲೇತ್ ಕೆಲಸ ಬೇಕಾಗಲಿಲ್ಲ. ಎರಡರ ನಡುವೆ 60 ಮಿ.ಮೀ. ಅಂತರ ಬಿಟ್ಟೆ.

ಮೊದಲ ಸಲ ಫ್ರೀವೀಲನ್ನು ಹಾಗೇ ಪೈಪಿಗೆ ವೆಲ್ಡ್ ಮಾಡಿಸಿದ್ದೆ. ಮುಂದೆ ತಿರುಗಿಸಿದಾಗ ಎಲ್ಲಾ ಸರಿ. ಒಂದು ಹಲ್ಲು ಹಿಂದೆ ಹೋಗಿ ನೋಡೋಣ ಅಂತ ಹ್ಯಾಂಡಲ್ ಹಿಂದಕ್ಕೆ ತಿರುಗಿಸಿದರೆ ಪೈಪ್ ತಿರುಗಿತು, ಹಲ್ಲುಗಳು ನಿಂತಲ್ಲೇ ನಿಂತವು. ಫ್ರೀವೀಲಿನ ಗುಣವೇ ಅದು. ಮತ್ತೆ ಮುಂದೆ ಬಂದಾಗ ಒಂದೊಂದು ಚಕ್ರ ಒಂದೊಂದು ಕಡೆ ಹಿಡಿದು, ಚೈನುಗಳ ಹೊಂದಿಕೆ ಪೂರ್ತಿ ಹೋಯಿತು. ಒಳಗಿನ ಭಾಗ ಮತ್ತು ಹಲ್ಲಿನ ಭಾಗ ಎರಡನ್ನೂ ಸೇರಿಸಿ ಎರಡೆರಡು ಕಡೆ ಟ್ಯಾಕ್ ವೆಲ್ಡ್ ಹೊಡೆಸಿದ ಮೇಲೆ ಸರಿಯಾಯಿತು. ಹೊಡೆಸುವ ಮುಂಚೆ ಆರೂ ಚಕ್ರಗಳ ಮೇಲೆ ಉದ್ದಕ್ಕೆ ಸ್ಟೀಲ್ ಸ್ಕೇಲ್ ಇಟ್ಟು ಹಲ್ಲುಗಳನ್ನು ಒಂದೇ ಸಾಲಿಗೆ ತರಬೇಕು. ಇನ್ನೊಂದು ಮಾತು, ಜಿಐ ಪೈಪಿನ ಸತುವಿನ ಲೇಪ ವೆಲ್ಡಿಂಗ್ ಶಾಖಕ್ಕೆ ಹೊಗೆಯಾಗುತ್ತದೆ. ಆ ಹೊಗೆ ಕುಡಿಯಬಾರದು. ವೆಲ್ಡ್ ಬರುವ ಜಾಗದಲ್ಲಿ ಲೇಪವನ್ನು ಪೂರ್ತಿ ಉಜ್ಜಿ ತೆಗೆದು, ಬಯಲಲ್ಲೇ ಮಾಡಿಸಿ.

ಹಂತ 5: ಚೌಕಟ್ಟು

ಸಿಲ್ವರ್ ಓಕ್ ಹಲಗೆ. ಕಾಫಿ ತೋಟದ ಊರಲ್ಲಿ ಇದಕ್ಕೆ ಬರ ಇಲ್ಲ. ಸಾಮಿಲ್‌ನಲ್ಲಿ ತುಂಡುಗಳು ಪುಕ್ಕಟೆ ಸಿಕ್ಕವು. ಎರಡು ಕಂಬ, ತಲಾ 450 ಮಿ.ಮೀ. ಎತ್ತರ. 52 ಲಿಂಕಿನ ಚೈನು ಶಾಫ್ಟಿನಿಂದ ಸುಮಾರು 270 ಮಿ.ಮೀ. ಕೆಳಗೆ ನೇತಾಡುತ್ತದೆ, ಅದು ನೆಲಕ್ಕೆ ತಾಗಬಾರದು.

ಕಂಬದಲ್ಲಿ 34 ಮಿ.ಮೀ. ತೂತು ಕೊರೆದು ಪೈಪನ್ನು ನೇರವಾಗಿ ಮರದೊಳಗೇ ಕೂರಿಸಿದೆ, ಗ್ರೀಸ್ ಹಚ್ಚಿದೆ. ಚೆನ್ನಾಗಿ ತಿರುಗಿತು. ಮಳೆ ಹಿಡಿದು ಬಿಡದೆ ಹೊಯ್ದ ಮೇಲೆ ನೋಡಿದರೆ ಪೈಪ್ ಅಲುಗಾಡಲ್ಲ. ಮರ ಊದಿ ತೂತು ಬಿಗಿಯಾಗಿತ್ತು. ಹ್ಯಾಂಡಲ್ ಒತ್ತಿ ತಿರುಗಿಸಿದ್ದಕ್ಕೆ ಒಂದು ಕಂಬ ಸೀಳು ಬಿಟ್ಟಿತು. ಹೊಸ ಕಂಬ ಮಾಡಿ, ತೂತು ದೊಡ್ಡದು ಕೊರೆದು, ಒಳಗೆ 40 ಮಿ.ಮೀ. ಪಿವಿಸಿ ಪೈಪಿನ ತುಂಡು ಕೂರಿಸಿದೆ. ಈಗ ಮರ ಊದಿದರೂ ಪಿವಿಸಿ ತಡೆಯುತ್ತದೆ. ಒಳಗೆ ಜಿಐ ಪೈಪ್ ಸ್ವಲ್ಪ ಸಡಿಲ ಇದೆ. ಇಷ್ಟು ನಿಧಾನದ ಕೆಲಸಕ್ಕೆ ಅದು ನಡೆಯುತ್ತದೆ.

ಒಂದೊಂದೇ ಹಲ್ಲಿಗೆ ನಿಲ್ಲಬೇಕಲ್ಲ. ಅದಕ್ಕೆ ಒಂದು ಚಕ್ರದ ಕೆಳಭಾಗಕ್ಕೆ, ಚೈನು ತಾಗದ ಕಡೆ, ಮುರಿದ ಹ್ಯಾಕ್ಸಾ ಬ್ಲೇಡ್ ಒತ್ತಿ ಸ್ಕ್ರೂ ಹಾಕಿದೆ. ಪ್ರತಿ ಹಲ್ಲಿಗೂ ಟಕ್ ಅನ್ನುತ್ತದೆ. ಕಣ್ಣು ಮುಚ್ಚಿಕೊಂಡೂ ಎಣಿಸಬಹುದು.

ಹಂತ 6: ಲಿಂಕಿಗೆ ಗುರುತು

ಅತಿ ಹೆಚ್ಚು ಸಮಯ ತಿಂದದ್ದು ಇದೇ.

ಮೊದಲು ಚಿಕ್ಕ ಅಯಸ್ಕಾಂತ ಮತ್ತು ರೀಡ್ ಸ್ವಿಚ್ಚು. ಬೇಡದ ಲಿಂಕಿನ ಮೇಲೆ ಅಯಸ್ಕಾಂತ ಅಂಟಿಸಿದರೆ, ರೀಡ್ ಸ್ವಿಚ್ಚು ಮುಟ್ಟದೆಯೇ ಗುರುತಿಸುತ್ತದೆ. ಬೇರೆ ಸಂಖ್ಯೆಗೆ ಅಯಸ್ಕಾಂತ ಕಿತ್ತು ಬೇರೆ ಕಡೆ ಇಡಬಹುದು. ಕೇಳಲು ತುಂಬಾ ಚೆನ್ನ. ಆದರೆ ಲಿಂಕುಗಳ ಅಂತರ 12.7 ಮಿ.ಮೀ. ಪಕ್ಕದ ಲಿಂಕಿನ ಅಯಸ್ಕಾಂತಕ್ಕೂ ಸ್ವಿಚ್ಚು ಕೂಡಿಕೊಳ್ಳುತ್ತಿತ್ತು. ಎರಡು ಗುರುತಿನ ನಡುವೆ ಒಂಟಿಯಾಗಿ ಇರುವ ಪಾಸಾದ ಲಿಂಕ್ ಕಾಣುತ್ತಲೇ ಇರಲಿಲ್ಲ. ಉತ್ತರ ಇರುವುದೇ ಅಂಥ ಕಡೆ. ಈ ದಾರಿ ಬಿಟ್ಟೆ.

ಆಮೇಲೆ ಸನ್ನೆ ಇರುವ ಮೈಕ್ರೋ ಸ್ವಿಚ್ಚು, ತುದಿಯಲ್ಲಿ ಪುಟ್ಟ ಉರುಳೆ ಇರುವಂಥದ್ದು. ಬೇಡದ ಲಿಂಕಿನ ಪಕ್ಕದ ಮುಖದ ಮೇಲೆ ಎಂ-ಸೀಲ್ ಉಬ್ಬು. ಉಬ್ಬು ಬಂದಾಗ ಸನ್ನೆ ಒತ್ತುತ್ತದೆ. ಮೇಷ್ಟ್ರ ಸಂಖ್ಯೆಗೆ ಒಟ್ಟು 152 ಉಬ್ಬು.

ಇದರಲ್ಲಿ ಕಲಿತದ್ದು:

ಚೈನಿನ ಎಣ್ಣೆ ಹೋಗದೆ ಎಂ-ಸೀಲ್ ಹಿಡಿಯಲ್ಲ. ಮೊದಲು ಹಚ್ಚಿದ್ದೆಲ್ಲ ಎರಡು ಸುತ್ತಿಗೇ ಉದುರಿತು. ಡೀಸೆಲ್‌ನಲ್ಲಿ ನೆನೆಸಿ, ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಪ್ರತಿ ಪಟ್ಟಿಯನ್ನೂ ಎಮರಿ ಕಾಗದದಲ್ಲಿ ಉಜ್ಜಿದ ಮೇಲೆ ನಿಂತಿತು. ತೊಳೆದ ಚೈನು ನಮ್ಮ ಹವೆಗೆ ರಾತ್ರಿ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ. ತೊಳೆದ ದಿನವೇ ಉಬ್ಬು ಹಚ್ಚಿ, ಅದು ಗಟ್ಟಿಯಾದ ಮೇಲೆ ಪಿನ್ನುಗಳಿಗೆ ಮಾತ್ರ ಒಂದೊಂದು ಹನಿ ಎಣ್ಣೆ ಬಿಡಬೇಕು.

ಒಳ ಲಿಂಕಿನ ಪಟ್ಟಿ ಹೊರ ಲಿಂಕಿನದಕ್ಕಿಂತ ಸುಮಾರು ಒಂದು ಮಿ.ಮೀ. ಒಳಗಿರುತ್ತದೆ. ಒಂದೇ ದಪ್ಪದ ಉಬ್ಬು ಹಚ್ಚಿದರೆ ಒಂದು ಬಿಟ್ಟು ಒಂದು ಲಿಂಕ್ ಸ್ವಿಚ್ಚಿಗೆ ತಾಗಲ್ಲ. ಒಳ ಲಿಂಕಿನ ಉಬ್ಬು ಅಷ್ಟು ಎತ್ತರ ಇರಬೇಕು. ಹಲಗೆಗೆ ಮೊಳೆ ಹೊಡೆದು ಒಂದು ಅಳತೆ ಮಾಡಿಕೊಂಡು, ಪ್ರತಿ ಉಬ್ಬನ್ನೂ ಅದರ ಕೆಳಗೆ ಹಾಯಿಸಿ ನೋಡಿದೆ.

ಉಬ್ಬು ಉದ್ದ ಇರಲಿ. ಲಿಂಕಿನ 12.7ರಲ್ಲಿ 11 ಮಿ.ಮೀ. ತನಕ. ಚಿಕ್ಕದಾದರೆ ಎರಡು ಉಬ್ಬಿನ ನಡುವೆ ಉರುಳೆ ಕೆಳಗಿಳಿದು ದೀಪ ಸುಮ್ನೆ ಮಿನುಗುತ್ತದೆ.

ಸ್ವಿಚ್ಚನ್ನು ಚೈನು ಹಲ್ಲಿನ ಮೇಲೆ ಬಿಗಿಯಾಗಿ ಕೂತಿರುವ ಮೇಲ್ಭಾಗದಲ್ಲೇ ಇಡಬೇಕು. ನೇತಾಡುವ ಕಡೆ ಇಟ್ಟಾಗ ಚೈನು ಓಲಾಡಿ ಯಾವ ಓದೂ ನಂಬುವಂತಿರಲಿಲ್ಲ.

ಹಂತ 7: ವೈರಿಂಗ್, ಮತ್ತು ಜೆವೊನ್ಸ್ ಸಂಖ್ಯೆಯ ಪರೀಕ್ಷೆ

ಮೊದಲು ಹಾಕಿದ್ದು ಬಜರ್. ಆರೂ ಸ್ವಿಚ್ಚುಗಳನ್ನು ಸಾಲಾಗಿ ಜೋಡಿಸಿ, ಯಾವುದೂ ಒತ್ತದೆ ಇದ್ದಾಗ ಮಾತ್ರ ಕರೆಂಟ್ ಹರಿದು ಬಜರ್ ಕೂಗುವಂತೆ ಮಾಡಿದೆ. ಕಣ್ಣಿಟ್ಟು ಕಾಯಬೇಕಿಲ್ಲ, ಕೂಗಿದಾಗ ನಿಲ್ಲಿಸಿದರೆ ಸಾಕು ಅಂತ.

ಉತ್ತರ ಗೊತ್ತಿರುವ ಸಂಖ್ಯೆಯಿಂದ ಪರೀಕ್ಷಿಸದೆ ಮುಂದೆ ಹೋಗಬಾರದು ಅಂತ ಮೇಷ್ಟ್ರು ಹೇಳಿದ್ದರು. ಜೆವೊನ್ಸ್ ಸಂಖ್ಯೆ ಇದ್ದೇ ಇತ್ತು. ಚೈನಿಗೆ ಎರಡು ಮುಖ. ಎಡ ಮುಖದಲ್ಲಿ ಜೆವೊನ್ಸ್ ಸಂಖ್ಯೆಯ ಉಬ್ಬು, ಬಲ ಮುಖದಲ್ಲಿ ಮೇಷ್ಟ್ರ ಸಂಖ್ಯೆಯ ಉಬ್ಬು. ಚೈನು ತಿರುಗಿಸಿ ಹಾಕಿದರೆ ಲಿಂಕುಗಳ ಕ್ರಮ ತಿರುವುಮುರುವು ಆಗುತ್ತದೆ. ಶೇಷಗಳು ಜೋಡಿಯಾಗಿರುವುದರಿಂದ ಅದರಿಂದ ಏನೂ ಕೆಡಲ್ಲ. ಸೊನ್ನೆಯ ಲಿಂಕಿನಿಂದ ಎಣಿಕೆ ಹೊಸದಾಗಿ ಹಿಡಿದರೆ ಸಾಕು.

ಪರೀಕ್ಷೆಗೆ 40, 36, 42 ಲಿಂಕಿನ ಮೂರೇ ಚೈನು ಹಾಕಿದೆ, ಉಳಿದ ಮೂರು ಚಕ್ರ ಖಾಲಿ. 92825ಕ್ಕೆ ಹೊಂದಿಸಿ ಶುರು ಮಾಡಿದರೆ, ಕಾಗದದ ಲೆಕ್ಕದ ಪ್ರಕಾರ 7ನೇ ಟಕ್‌ಗೆ ಒಮ್ಮೆ, 55ನೇ ಟಕ್‌ಗೆ ಒಮ್ಮೆ ಕೂಗಬೇಕು. ಮೊದಲನೆಯದು 92832, ಸುಳ್ಳು ಕರೆ. ಎರಡನೆಯದು 92880, ನಿಜವಾದ ಉತ್ತರ. 7ಕ್ಕೆ ಕೂಗಿತು. 55ಕ್ಕೆ ಕೂಗಲಿಲ್ಲ.

ಚೈನು, ಉಬ್ಬು ಎಲ್ಲಾ ಸರಿ ಇದ್ದವು. ಒಂದು ಸ್ವಿಚ್ಚಿನ ಬೆಸುಗೆ ಸಡಿಲ. ಅಲುಗಿದಾಗ ಬಿಡುತ್ತಿತ್ತು. ಸಾಲಾಗಿ ಜೋಡಿಸಿದಾಗ ಒಂದು ಕಡೆ ಬಿಟ್ಟರೂ ಬಜರ್ ಕೂಗಲ್ಲ. ಬೆಸುಗೆ ಮತ್ತೆ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಇಂಥದ್ದು ಮೇಷ್ಟ್ರ ಸಂಖ್ಯೆಯ ಮಧ್ಯದಲ್ಲಿ ಆಗಿದ್ದರೆ ಉತ್ತರ ಕಣ್ಣ ಮುಂದೆಯೇ ದಾಟಿಹೋಗುತ್ತಿತ್ತು. ಗೊತ್ತೂ ಆಗುತ್ತಿರಲಿಲ್ಲ.

ಹಾಗಾಗಿ ವೈರಿಂಗನ್ನೇ ತಲೆಕೆಳಗು ಮಾಡಿದೆ. ಈಗ ಸ್ವಿಚ್ಚುಗಳು ಪಕ್ಕಪಕ್ಕ, ಸಮಾಂತರ ಜೋಡಣೆ. ಯಾವ ಉಬ್ಬು ಯಾವ ಸ್ವಿಚ್ಚು ಒತ್ತಿದರೂ ಎಲ್‌ಇಡಿ ಉರಿಯುತ್ತದೆ. ಒಂದೂ ಒತ್ತದಿದ್ದರೆ ಆರುತ್ತದೆ. ದೀಪ ಆರಿತು ಅಂದರೆ ನೋಡಬೇಕಾದ ಸಂಖ್ಯೆ ಬಂತು ಅಂತ. ಈ ಜೋಡಣೆಯಲ್ಲಿ ಬೆಸುಗೆ ಬಿಟ್ಟರೆ, ಉಬ್ಬು ಉದುರಿದರೆ, ಬ್ಯಾಟರಿ ಸತ್ತರೆ, ದೀಪ ಬೇಡದ ಕಡೆ ಆರುತ್ತದೆ ಅಷ್ಟೇ. ಸುಳ್ಳು ಕರೆ ಬಂದರೆ ಒಂದು ಗುಣಾಕಾರ ಜಾಸ್ತಿ ಮಾಡಿದರಾಯಿತು. ನಿಜವಾದ ಉತ್ತರ ತಪ್ಪಬೇಕಾದರೆ ಸ್ವಿಚ್ಚು ಒತ್ತಿದಂತೆಯೇ ಅಂಟಿಕೊಳ್ಳಬೇಕು. ಹಾಗಾದರೆ ದೀಪ ಆರುವುದೇ ಇಲ್ಲ, ಕೂಡಲೇ ಅನುಮಾನ ಬರುತ್ತದೆ. ಈ ಯಂತ್ರ ಕಟ್ಟುವವರಿಗೆ ನಾನು ಒಂದೇ ಮಾತು ಹೇಳಬೇಕೆಂದರೆ ಈ ವೈರಿಂಗ್ ಬಗ್ಗೆ ಹೇಳುತ್ತೇನೆ.

ಮತ್ತೆ ಪರೀಕ್ಷೆ. 7ಕ್ಕೆ ಆರಿತು, 55ಕ್ಕೆ ಆರಿತು, ಬೇರೆಲ್ಲೂ ಇಲ್ಲ.

ಎಣಿಕೆಗೆ ಹಳೇ ಕ್ಯಾಲ್ಕುಲೇಟರ್. ಒಂದು ಸಂಖ್ಯೆಯನ್ನು ಮತ್ತೆ ಮತ್ತೆ ಕೂಡಿಸುವಂತೆ ಇಟ್ಟರೆ, ಸಮ ಚಿಹ್ನೆಯ ಬಟನ್ ಒತ್ತಿದಾಗೆಲ್ಲ ಅಷ್ಟು ಕೂಡುತ್ತದೆ. ಆ ಬಟನ್ನಿನ ಎರಡು ತುದಿಗೆ ವೈರ್ ಬೆಸೆದು, ಮೂಲೆಗೆ ಬಿದ್ದಿದ್ದ ರೀಡ್ ಸ್ವಿಚ್ಚಿಗೆ ಕೊಟ್ಟೆ. ಶಾಫ್ಟಿನ ಮೇಲೆ ಒಂದೇ ಅಯಸ್ಕಾಂತ. ಪ್ರತಿ ಸುತ್ತಿಗೂ 18 ಕೂಡುತ್ತದೆ. ಪರದೆಯ ಮೇಲೆ ಅ ಎಲ್ಲಿದೆ ಅಂತ ನೇರವಾಗಿ ಕಾಣುತ್ತದೆ.

ಹಂತ 8: ಮೇಷ್ಟ್ರ ಸಂಖ್ಯೆ

ಆರೂ ಚೈನು ಹಾಕಿ 82847ಕ್ಕೆ ಹೊಂದಿಸಿದೆ. ಸ್ವಿಚ್ಚಿನ ಕೆಳಗೆ ಇರಬೇಕಾದ ಶೇಷಗಳು: 40ಕ್ಕೆ 7, 9ಕ್ಕೆ 2, 7ಕ್ಕೆ 2, 11ಕ್ಕೆ 6, 13ಕ್ಕೆ 11, 17ಕ್ಕೆ 6. ಬಿಳಿ ಬಣ್ಣದ ಚುಕ್ಕೆ ಸೊನ್ನೆಯ ಲಿಂಕಿಗೆ. ಅಲ್ಲಿಂದ ಎಣಿಸಿ ಎರಡೆರಡು ಸಲ ಸರಿನೋಡಿದೆ.

ನಿಧಾನವಾಗಿ ತಿರುಗಿಸಿದರೆ ನಿಮಿಷಕ್ಕೆ ಹತ್ತು ಸುತ್ತು. ಅಂದರೆ ಸೆಕೆಂಡಿಗೆ ಮೂರು ಸಂಖ್ಯೆ. ಕಣ್ಣಿಗೆ ಇದಕ್ಕಿಂತ ವೇಗ ಬೇಡ.

22ನೇ ಸುತ್ತು ಮುಗಿದಾಗ ದೀಪ ಆರಿತು. 83243. ವರ್ಗದಿಂದ ಕಳೆದರೆ 65772576. ಇದು 8110ರ ವರ್ಗಕ್ಕಿಂತ 476 ಜಾಸ್ತಿ. ಅಲ್ಲ.

ಆಮೇಲೆ ತುಂಬಾ ಹೊತ್ತು ಏನೂ ಇಲ್ಲ. 110ನೇ ಸುತ್ತು ಮುಗಿದಾಗ ಮತ್ತೆ ಆರಿತು. 84827. ಕಳೆದರೆ 331995456. 18220ರ ವರ್ಗ 331968400, ಮುಂದಿನದು ದಾಟಿ ಹೋಗುತ್ತದೆ. ಇದೂ ಅಲ್ಲ.

127ನೇ ಸುತ್ತು. 85133. ಅದರ ವರ್ಗ 7247627689. ಕಳೆದರೆ 384003216. ವರ್ಗಮೂಲ 19596, ಏನೂ ಉಳಿಯಲಿಲ್ಲ.

85133 − 19596 = 65537. 85133 + 19596 = 104729.

ಮೊದಲನೆಯದನ್ನು ನೋಡಿದ ಕೂಡಲೇ ಗುರುತು ಸಿಕ್ಕಿತು. 65537 ಅಂದರೆ 2ರ 16ನೇ ಘಾತಕ್ಕೆ ಒಂದು ಕೂಡಿಸಿದ್ದು, ನಮಗೆ ಗೊತ್ತಿರುವ ಫರ್ಮಾ ಅವಿಭಾಜ್ಯಗಳಲ್ಲಿ (2ರ ಘಾತಕ್ಕೆ ಒಂದು ಕೂಡಿಸಿದಾಗ ಬರುವ ಅವಿಭಾಜ್ಯಗಳು) ಅತಿ ದೊಡ್ಡದು. ಎರಡನೆಯದನ್ನು ಮೇಷ್ಟ್ರೇ ಹೇಳಬೇಕಾಯಿತು. 104729 ಅನ್ನುವುದು ಹತ್ತು ಸಾವಿರನೇ ಅವಿಭಾಜ್ಯ ಸಂಖ್ಯೆ. ಫೋನಿನಲ್ಲಿ ಉತ್ತರ ಓದಿದೆ. “ದೀಪ ಎಷ್ಟು ಸಲ ಆರಿತು?” ಅಂತ ಮೊದಲು ಕೇಳಿದರು. ಮೂರು ಸಲ ಅಂದೆ. “2287 ಸಂಖ್ಯೆಯಲ್ಲಿ ಮೂರು. ಹಾಗಾದರೆ ಜರಡಿ ಸರಿ ಇದೆ ಬಿಡು” ಅಂದರು. ಪಟ್ಟಿಯಲ್ಲಿ ಪಾಸಾಗುವ ಶೇಷಗಳ ಪಾಲನ್ನು ಗುಣಿಸಿದರೆ ಬರುವುದೂ ಹತ್ತಿರ ಹತ್ತಿರ ಮೂರೇ. ಅವರು ಆ ಲೆಕ್ಕ ಮೊದಲೇ ಮಾಡಿಟ್ಟಿದ್ದರು.

17ರ ಚೈನು ತೆಗೆದು ಇನ್ನೊಮ್ಮೆ ಓಡಿಸಿದೆ. ದೀಪ ಆರು ಸಲ ಆರಿತು. ಮೊದಲಿನ ಮೂರರ ಜೊತೆ 83693, 83747, 84517. ಒಂದು ಚೈನು ಕೂಡಿಸಿದರೆ ಕೈಲೆಕ್ಕ ಅರ್ಧ ಆಗುತ್ತದೆ ಅಂತ ಇದರಿಂದ ಚೆನ್ನಾಗಿ ತಿಳಿಯುತ್ತದೆ.

ಹಂತ 9: ಚಕ್ರವೇ ಒಂದು ಜರಡಿ

22, 110, 127. ಮೂರೂ ಸಲ ಸುತ್ತು ಪೂರ್ತಿ ಆದಾಗಲೇ ದೀಪ ಆರಿತ್ತು, ನಡುವಿನ ಹಲ್ಲಿನಲ್ಲಿ ಒಮ್ಮೆಯೂ ಅಲ್ಲ. ಮೊದಲು ಯಾವುದೋ ಚಕ್ರ ಜಾರುತ್ತಿದೆ ಅಂತ ಅನುಮಾನ ಬಂದು ಎಲ್ಲಾ ವೆಲ್ಡ್ ನೋಡಿದೆ. ಯಂತ್ರದಲ್ಲಿ ತಪ್ಪಿರಲಿಲ್ಲ.

ಚಕ್ರಕ್ಕೆ 18 ಹಲ್ಲು. ಹಾಗಾಗಿ ಹಲ್ಲೇ 18ರ ಶೇಷ. ಈ ಸಂಖ್ಯೆಗೆ ಅ ಬೆಸ ಆಗಿರಬೇಕು, 9ರ ಶೇಷ 2 ಅಥವಾ 7 ಆಗಿರಬೇಕು. ಎರಡೂ ಸೇರಿದರೆ 18ರ ಶೇಷ 11 ಅಥವಾ 7 ಮಾತ್ರ. ಹದಿನೆಂಟು ಹಲ್ಲಿನಲ್ಲಿ ಎರಡೇ ಹಲ್ಲು. 82847ರ ಶೇಷ 11. ಮೂರೂ ಸಲ ಅದೇ ಹಲ್ಲು ಬಂತು. ಇನ್ನೊಂದು ಹಲ್ಲಿನಲ್ಲಿ ಬಂದದ್ದು 17ರ ಚೈನು ಇಲ್ಲದಾಗ ಸಿಕ್ಕ 84517.

ಅಂದರೆ 36 ಲಿಂಕಿನ ಚೈನೇ ಬೇಕಿರಲಿಲ್ಲ. ಚಕ್ರದ ಎರಡು ಹಲ್ಲಿಗೆ ಬಣ್ಣ ಹಚ್ಚಿದರೆ ಅದೇ ಕೆಲಸ ಆಗುತ್ತದೆ. ಆ ಚೈನು ಇಳಿಸಿ, ಆ ಜಾಗದಲ್ಲಿ ಉಳಿದ ತುಂಡಿನಿಂದ 19ಕ್ಕೆ 38 ಲಿಂಕಿನದು ಹಾಕಿದೆ. ಪಾಸಾಗುವ ಶೇಷಗಳು 2, 5, 6, 7, 8, 11, 12, 13, 14, 17. ಈಗ ಬಣ್ಣದ ಹಲ್ಲಿನಲ್ಲಿ ದೀಪ ಆರುವುದು ಎರಡೇ ಸಲ, 84827 ಮತ್ತು 85133. 83243 ಬಿದ್ದುಹೋಯಿತು.

ಖರ್ಚು

ಚೈನು ಮೂರು: 120 ರೂ.
ಹಳೇ ಫ್ರೀವೀಲ್ ಆರು: 300 ರೂ.
ಪೈಪ್: 120 ರೂ.
ವೆಲ್ಡಿಂಗ್: 200 ರೂ.
ಮೈಕ್ರೋ ಸ್ವಿಚ್ಚು ಏಳು, ಒಂದು ಹೆಚ್ಚಿಗೆ: 175 ರೂ.
ಎಂ-ಸೀಲ್: 160 ರೂ.
ಎಲ್‌ಇಡಿ, ವೈರ್, ಸೆಲ್ ಡಬ್ಬಿ: 90 ರೂ.
ಅಯಸ್ಕಾಂತ, ರೀಡ್ ಸ್ವಿಚ್ಚು: 240 ರೂ. ಇದರಲ್ಲಿ ಕೆಲಸಕ್ಕೆ ಬಂದದ್ದು ಒಂದೊಂದೇ.

ಒಟ್ಟು 1405 ರೂಪಾಯಿ. ಮರ, ಪಿವಿಸಿ ತುಂಡು, ಕ್ಯಾಲ್ಕುಲೇಟರಿಗೆ ದುಡ್ಡು ಕೊಟ್ಟಿಲ್ಲ.

ಎಲ್ಲಿಯವರೆಗೆ ಆಗುತ್ತದೆ

ಎಷ್ಟು ಅಂಕಿ ಅನ್ನುವುದಕ್ಕಿಂತ ಎರಡು ಅಪವರ್ತನಗಳು ಎಷ್ಟು ದೂರ ಇವೆ ಅನ್ನುವುದೇ ಇಲ್ಲಿ ಮುಖ್ಯ. 4294967297 ಕೂಡ ಹತ್ತೇ ಅಂಕಿ. ಗಣಿತಜ್ಞ ಆಯ್ಲರ್ ಒಡೆದದ್ದು, 641 × 6700417. ಇದನ್ನು ನನ್ನ ಯಂತ್ರಕ್ಕೆ ಹಾಕಿದರೆ 65537ರಿಂದ 3350529ರವರೆಗೆ, ಮೂವತ್ತೆರಡು ಲಕ್ಷಕ್ಕೂ ಜಾಸ್ತಿ ಹಲ್ಲು ತಿರುಗಿಸಬೇಕು. ಸಣ್ಣ ಅವಿಭಾಜ್ಯಗಳಿಂದ ಭಾಗಿಸುತ್ತಾ ಹೋದರೆ 641 ಬೇಗ ಸಿಗುತ್ತದೆ. ಅಂಥದ್ದಕ್ಕೆ ಭಾಗಾಕಾರವೇ ಸರಿ. 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಒಡೆದ 147573952589676412927 ಇನ್ನೂ ದೂರದ ಮಾತು. ಅದು 193707721 × 761838257287. ವರ್ಗಮೂಲ ಸುಮಾರು 1215 ಕೋಟಿ, ಉತ್ತರ ಇರುವುದು 38,101 ಕೋಟಿಯ ಆಚೆ. ಸೆಕೆಂಡಿಗೆ ಮೂರರಂತೆ ತಿರುಗಿಸಿದರೆ ಸಾವಿರಾರು ವರ್ಷ.

ಮೇಷ್ಟ್ರು ಈಗ ಕೊಟ್ಟಿರುವ ಹೊಸ ಚೀಟಿಯಲ್ಲಿ ಒಂದು ಅವಿಭಾಜ್ಯ ಇನ್ನೊಂದರ ಸುಮಾರು ಮೂರರಷ್ಟು ಇದೆಯಂತೆ. ಅಷ್ಟು ಮಾತ್ರ ಹೇಳಿದ್ದಾರೆ. ಹಾಗಿದ್ದರೆ ಸಂಖ್ಯೆಯನ್ನು ಮೊದಲು 3ರಿಂದ ಗುಣಿಸಬಹುದು. ಆಗ ಚಿಕ್ಕದರ ಮೂರರಷ್ಟು ಮತ್ತು ದೊಡ್ಡದು ಹತ್ತಿರ ಬರುತ್ತವೆ, ಅ ಮತ್ತೆ ವರ್ಗಮೂಲದ ಪಕ್ಕದಲ್ಲೇ ಸಿಗುತ್ತದೆ. ಶೇಷದ ಪಟ್ಟಿಯನ್ನು ಆ ಮೂರರಷ್ಟರ ಸಂಖ್ಯೆಗೇ ಹೊಸದಾಗಿ ಹಾಕಬೇಕು. 44, 52, 34, 38 ಲಿಂಕಿನ ಚೈನುಗಳಲ್ಲಿ ಒಂದೊಂದು ಮುಖ ಖಾಲಿ ಇದೆ. 40 ಮತ್ತು 42ರಲ್ಲಿ ಎರಡೂ ಮುಖ ತುಂಬಿದೆ. ಅವುಗಳ ಜೆವೊನ್ಸ್ ಉಬ್ಬುಗಳನ್ನು ಚಾಣದಿಂದ ಎಬ್ಬಿಸುವ ಕೆಲಸ ಈಗ ನಡೆಯುತ್ತಿದೆ.